ಒಡೆದ ಕೊಡಕ್ಕೆ ಬೆಸುಗೆ: ಮನೆ ರಿಪೇರಿಯ ಒಂದು ವಿಮರ್ಶೆ

ನಾಗಮಂಗಲದ ಯಾವುದಾದರೂ ಬೀದಿ ನಲ್ಲಿಯ ಮುಂದೆ ಸಾಲಾಗಿ ಇಟ್ಟಿರುವ ಕೊಡಗಳನ್ನು ಒಮ್ಮೆ ಗಮನಿಸಿ. ಹಸಿರು, ಕೆಂಪು, ನೀಲಿ ಬಣ್ಣದ ಪ್ಲಾಸ್ಟಿಕ್ ಕೊಡಗಳು. ಹೊಸ ಕೊಡಗಳ ನಡುವೆ ಒಂದೆರಡಕ್ಕಾದರೂ ತಳದಲ್ಲೋ ಕುತ್ತಿಗೆಯಲ್ಲೋ ಗಾಯದ ಗುರುತು ಇರುತ್ತದೆ. ಸೀಳಿದ ಜಾಗದ ಮೇಲೆ ಕಾದ ಚಾಕು ಎಳೆದು ಮೆತ್ತಿದ ದಪ್ಪನೆಯ ಗೀರು ಅದು. ಕೆಲವಕ್ಕೆ ಬೇರೆ ಬಣ್ಣದ ತೇಪೆಯೂ ಉಂಟು. ಇದು ಮನೆಯಲ್ಲೇ, ಒಲೆಯ ಮುಂದೆ ಕುಳಿತು ಮಾಡಿದ ರಿಪೇರಿ. ಇಂಥ ಕೊಡ ಕೆಲವು ವಾರ ನೀರು ಹಿಡಿಯುತ್ತದೆ. ಆಮೇಲೆ ಒಂದು ದಿನ, ಸೊಂಟದ ಮೇಲಿರುವಾಗಲೇ, ಅದೇ ಗೀರಿನ ಗುಂಟ ಬಾಯಿ ಬಿಡುತ್ತದೆ.

ಮಂಡ್ಯ ಎಂದೊಡನೆ ಎಲ್ಲರಿಗೂ ಕಬ್ಬು, ಭತ್ತ, ನಾಲೆಯ ನೀರು ನೆನಪಾಗುತ್ತವೆ. ಆದರೆ ನಮ್ಮ ತಾಲ್ಲೂಕಿನ ಬಹುಭಾಗ ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿ ಬದುಕುತ್ತಿದೆ. ಇಲ್ಲಿ ಒಂದು ಕೊಡ ನೀರು ಚೆಲ್ಲುವುದೆಂದರೆ ಮತ್ತೊಮ್ಮೆ ಸಾಲಿನಲ್ಲಿ ನಿಲ್ಲುವುದು. ಮನೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ಸೀಳುವುದೆಂದರೆ ಎರಡು ಮೂರು ದಿನದ ನೀರು ಒಂದೇ ಗಂಟೆಯಲ್ಲಿ ಚರಂಡಿಯ ಪಾಲು. ಹೀಗಾಗಿ ಈ ರಿಪೇರಿ ಸರಿಯೋ ತಪ್ಪೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ಈ ಮನೆ ರಿಪೇರಿಯ ವಿಧಾನಗಳನ್ನು ಒಂದೊಂದಾಗಿ ವಿಮರ್ಶಿಸುವುದು ಈ ಲೇಖನದ ಉದ್ದೇಶ. ವಿಮರ್ಶೆ ಎಂದರೆ ಹೀಗಳೆಯುವುದಲ್ಲ. ಯಾವ ಭಾಗ ಸರಿ, ಯಾವ ಭಾಗ ತಪ್ಪು, ಏಕೆ ಎಂದು ಬಿಡಿಸಿ ನೋಡುವುದು. ಹಾಗೆ ನೋಡುತ್ತ ಹೋದಾಗ ತಪ್ಪಿನ ಒಂದು ಪಾಲು ನಮ್ಮ ತರಗತಿಗಳಿಗೂ ಸೇರುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಂಟು ಏಕೆ ಅಂಟುವುದಿಲ್ಲ?

ಮೊದಲು ನನ್ನದೇ ಸೋಲಿನಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಅವ್ವನ ಕೊಡ ಸೀಳಿತ್ತು. ಅಂಗಡಿಯಿಂದ ಎರಡು ಭಾಗವನ್ನು ಕಲಸಿ ಹಚ್ಚುವ ಎಪಾಕ್ಸಿ ಅಂಟನ್ನು ತಂದೆ. ಸೀಳನ್ನು ಒರೆಸಿ, ಅಂಟನ್ನು ದಪ್ಪವಾಗಿ ಹಚ್ಚಿ, ಒಂದು ರಾತ್ರಿ ಒಣಗಲು ಬಿಟ್ಟೆ. ಬೆಳಿಗ್ಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅವ್ವ ಉಗುರಿನಿಂದ ಅದರ ಅಂಚನ್ನು ಎತ್ತಿದಳು. ಇಡೀ ಪಟ್ಟಿ ಹಪ್ಪಳದಂತೆ ಎದ್ದು ಬಂತು. "ಏನಪ್ಪಾ, ಇಷ್ಟು ವರ್ಷ ಪಾಠ ಹೇಳಿದ ನಿನ್ನ ಫಿಜಿಕ್ಸು ಒಂದು ಕೊಡಕ್ಕೂ ಆಗ್ಲಿಲ್ವಲ್ಲ" ಎಂದಳು.

ಅಂಟಿನಲ್ಲಿ ದೋಷವಿರಲಿಲ್ಲ. ಅದೇ ಅಂಟು ಕಬ್ಬಿಣಕ್ಕೆ, ಕಲ್ಲಿಗೆ, ಮರಕ್ಕೆ ಭದ್ರವಾಗಿ ಹಿಡಿಯುತ್ತದೆ. ದೋಷವಿದ್ದದ್ದು ನನ್ನ ಆಯ್ಕೆಯಲ್ಲಿ. ಯಾವುದೇ ಅಂಟು ಹಿಡಿಯಬೇಕಾದರೆ ಮೊದಲು ಅದು ದ್ರವವಾಗಿರುವಾಗ ವಸ್ತುವಿನ ಮೇಲೆ ಹರಡಿ ಅದನ್ನು ತೋಯಿಸಬೇಕು. ದ್ರವ ಹರಡುತ್ತದೆಯೇ, ಮುದ್ದೆಯಾಗಿ ನಿಲ್ಲುತ್ತದೆಯೇ ಎಂಬುದನ್ನು ಮೇಲ್ಮೈ ಶಕ್ತಿ ನಿರ್ಧರಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ, ದ್ರವದ ಮೇಲ್ಮೈ ಎಳೆತ ಘನವಸ್ತುವಿನ ಮೇಲ್ಮೈ ಶಕ್ತಿಗಿಂತ ಕಡಿಮೆಯಿದ್ದರೆ ಚೆನ್ನಾಗಿ ಹರಡುತ್ತದೆ. ನಮ್ಮ ಕೊಡಗಳು ಸಾಮಾನ್ಯವಾಗಿ ಪಾಲಿಥೀನಿನವು ಇಲ್ಲವೇ ಪಾಲಿಪ್ರೊಪಿಲೀನಿನವು. ಪಾಲಿಥೀನಿನ ಮೇಲ್ಮೈ ಶಕ್ತಿ ಮೀಟರಿಗೆ ಸುಮಾರು 31 ಮಿಲಿನ್ಯೂಟನ್ ಮಾತ್ರ. ಎಪಾಕ್ಸಿಯದು 40ಕ್ಕೂ ಹೆಚ್ಚು. ನೀರಿನದು ಸುಮಾರು 73. ಕೊಡದ ಹೊರಮೈಯಲ್ಲಿ ನೀರಿನ ಹನಿ ಹರಡದೆ ಮಣಿಯಂತೆ ನಿಲ್ಲುವುದನ್ನು ನೀವು ನೋಡಿದ್ದೀರಿ. ಅಂಟು ಕೂಡ ಅಲ್ಲಿ ಅರೆಮನಸ್ಸಿನಿಂದಲೇ ಕೂರುತ್ತದೆ.

ಎರಡನೆಯ ಕಾರಣವೂ ಇದೆ. ಪಾಲಿಥೀನಿನ ಅಣು ಇಂಗಾಲ ಮತ್ತು ಜಲಜನಕಗಳ ಉದ್ದನೆಯ ಸರಪಳಿ. ಅದರಲ್ಲಿ ಅಂಟಿನ ಅಣುಗಳು ಕೈ ಹಿಡಿಯಲು ಬೇಕಾದ ಆಕ್ಸಿಜನ್ ಅಥವಾ ನೈಟ್ರೋಜನ್ ಇರುವ ಗುಂಪುಗಳಿಲ್ಲ. ಕಾರ್ಖಾನೆಯಲ್ಲಿ ಪಾಲಿಥೀನ್ ಡಬ್ಬಿಯ ಮೇಲೆ ಹೆಸರು ಅಚ್ಚು ಹಾಕುವ ಮೊದಲು ಅದರ ಮೈಯನ್ನು ಕ್ಷಣಕಾಲ ಜ್ವಾಲೆಗೆ ಒಡ್ಡುವುದು ಇದೇ ಕಾರಣಕ್ಕೆ. ಆಗ ಮೇಲ್ಪದರಕ್ಕೆ ಸ್ವಲ್ಪ ಆಕ್ಸಿಜನ್ ಸೇರಿ ಶಾಯಿ ಹಿಡಿಯುತ್ತದೆ. ಮನೆಯಲ್ಲಿ ಹಚ್ಚುವ ಸಾಮಾನ್ಯ ಅಂಟಿಗೆ ಈ ಅನುಕೂಲವಿಲ್ಲ. ಆದ್ದರಿಂದ ಮೊದಲ ತೀರ್ಪು: ಕೊಡ, ಟ್ಯಾಂಕುಗಳಿಗೆ ಅಂಟು ಹಚ್ಚುವುದು ಹಣ ದಂಡ.

ಮೇಣದ ಬತ್ತಿ ಕಲಿಸುವ ಪಾಠ

ಇನ್ನು ಕೆಲವರು ಸೀಳಿನ ಮೇಲೆ ಮೇಣದ ಬತ್ತಿಯನ್ನು ಹನಿಸುತ್ತಾರೆ. ಇದು ನಗೆಗೆ ವಸ್ತು ಎಂದು ತಳ್ಳಿಹಾಕಬೇಡಿ. ಮೇಣವೂ ಪಾಲಿಥೀನಿನ ಜಾತಿಯದೇ. ಅದರ ಅಣುವೂ ಅದೇ ಇಂಗಾಲ, ಜಲಜನಕಗಳ ಸರಪಳಿ. ಆದ್ದರಿಂದ ಕರಗಿದ ಮೇಣ ಕೊಡದ ಮೇಲೆ ಅಂಟಿಗಿಂತ ಚೆನ್ನಾಗಿ ಹರಡುತ್ತದೆ, ಸೀಳಿನ ಒಳಕ್ಕೂ ಇಳಿಯುತ್ತದೆ. ಹನಿಯುವ ನೀರು ತತ್ಕಾಲಕ್ಕೆ ನಿಲ್ಲುತ್ತದೆ. ಆದರೆ ಕೊಡವನ್ನು ಸ್ವಲ್ಪ ಹಿಸುಕಿದರೆ ಮೇಣ ಪುಡಿಯಾಗಿ ಉದುರುತ್ತದೆ.

ಒಂದೇ ಜಾತಿಯಾದರೂ ಇಷ್ಟು ಅಂತರವೇಕೆ? ಮೇಣದ ಸರಪಳಿಯಲ್ಲಿ ಸಾಮಾನ್ಯವಾಗಿ 20ರಿಂದ 40 ಇಂಗಾಲದ ಪರಮಾಣುಗಳು. ಪಾಲಿಥೀನಿನಲ್ಲಿ ಹಲವು ಸಾವಿರ. ಒಂದು ಬೊಗಸೆ ತುಂಡು ದಾರ, ಒಂದು ಬೊಗಸೆ ಉದ್ದ ದಾರ ಇವುಗಳನ್ನು ಕಲ್ಪಿಸಿಕೊಳ್ಳಿ. ತುಂಡು ದಾರದ ರಾಶಿಯನ್ನು ಎಳೆದರೆ ಸುಲಭವಾಗಿ ಬೇರೆಯಾಗುತ್ತದೆ. ಉದ್ದ ದಾರದ ರಾಶಿ ಗಂಟು ಗಂಟಾಗಿ ಒಟ್ಟಿಗೆ ಎದ್ದು ಬರುತ್ತದೆ. ಪ್ಲಾಸ್ಟಿಕ್ಕಿನ ಗಟ್ಟಿತನ ಇರುವುದು ಈ ಸಿಕ್ಕಿನಲ್ಲಿ. ಮೇಣ ಸೀಳನ್ನು ತುಂಬಿತು, ಬೆಸೆಯಲಿಲ್ಲ. ತುಂಬುವುದು ಬೇರೆ, ಬೆಸೆಯುವುದು ಬೇರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಎಲ್ಲ ತೀರ್ಪುಗಳೂ ಇದನ್ನೇ ಅವಲಂಬಿಸಿವೆ.

ಹಾಗಾದರೆ ಎರಡು ಪಾಲಿಥೀನ್ ತುಂಡುಗಳನ್ನು ಬೆಸೆಯುವುದು ಎಂದರೇನು? ಎರಡೂ ಬದಿಯ ಸರಪಳಿಗಳು ಗಡಿಯನ್ನು ದಾಟಿ ಪರಸ್ಪರ ಸಿಕ್ಕಿಕೊಳ್ಳುವುದು. ಸುತ್ತಲೂ ಸರಪಳಿಗಳೇ ತುಂಬಿರುವ ಕಡೆ ಒಂದು ಸರಪಳಿ ಅಡ್ಡಡ್ಡ ಚಲಿಸಲಾರದು. ಹಾವಿನಂತೆ ತನ್ನ ಉದ್ದಕ್ಕೇ ತೆವಳಬೇಕು. ಈ ಚಿತ್ರವನ್ನು 1971ರಲ್ಲಿ ಕೊಟ್ಟವರು ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ಜಿಲ್ ದ ಜೆನ್. ಇವರಿಗೆ 1991ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂತು. ಸರಪಳಿ ತೆವಳಬೇಕಾದರೆ ಪ್ಲಾಸ್ಟಿಕ್ ಕರಗಿರಬೇಕು. ಗಡಿಯ ಒಂದು ಬದಿ ಮಾತ್ರ ಕರಗಿದರೆ ಸಾಲದು, ಎರಡು ಬದಿಯೂ ಕರಗಿರಬೇಕು. ಕೊಡದ ರಿಪೇರಿಯ ಗುಟ್ಟೆಲ್ಲ ಈ ಒಂದು ಮಾತಿನಲ್ಲಿದೆ.

ಕಾದದ್ದು ಚಾಕು, ಕೊಡವಲ್ಲ

ಈಗ ಕಾದ ಚಾಕುವಿನ ವಿಧಾನಕ್ಕೆ ಬರೋಣ. ಹಳೆಯ ಕೊಡದ ಒಂದು ಚೂರನ್ನು ಸೀಳಿನ ಮೇಲಿಟ್ಟು, ಒಲೆಯಲ್ಲಿ ಕೆಂಪಗೆ ಕಾಯಿಸಿದ ಚಾಕುವಿನಿಂದ ಸವರುತ್ತಾರೆ. ಇದರಲ್ಲಿ ಮೆಚ್ಚಬೇಕಾದ ಅಂಶ ಮೊದಲು. ಕೊಡಕ್ಕೆ ಕೊಡದ ಚೂರನ್ನೇ ಬಳಸಬೇಕೆಂಬ ತಿಳಿವಳಿಕೆ ಅತ್ಯಂತ ಸರಿಯಾದದ್ದು. ಅಂಟಿನ ಡಬ್ಬಿ ಹಿಡಿದು ಬಂದ ನನಗಿಂತ ಒಲೆಯ ಮುಂದೆ ಕುಳಿತವರಿಗೆ ರಸಾಯನವಿಜ್ಞಾನ ಚೆನ್ನಾಗಿ ಗೊತ್ತಿತ್ತು. ತಪ್ಪಿರುವುದು ಬಿಸಿ ಮಾಡುವ ಕ್ರಮದಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. ಉಷ್ಣ ಒಂದು ವಸ್ತುವಿನೊಳಕ್ಕೆ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಉಷ್ಣ ವಿಸರಣಾಂಕ ತಿಳಿಸುತ್ತದೆ. ಉಷ್ಣವಾಹಕತೆಯನ್ನು ಸಾಂದ್ರತೆ ಮತ್ತು ವಿಶಿಷ್ಟೋಷ್ಣಗಳ ಗುಣಲಬ್ಧದಿಂದ ಭಾಗಿಸಿದರೆ ಅದು ಸಿಗುತ್ತದೆ. ಹೆಚ್ಚು ಸಾಂದ್ರತೆಯ ಪಾಲಿಥೀನಿಗೆ ಉಷ್ಣವಾಹಕತೆ ಸುಮಾರು 0.45, ಸಾಂದ್ರತೆ 950, ವಿಶಿಷ್ಟೋಷ್ಣ 1900, ಎಲ್ಲವೂ ಎಸ್‌ಐ ಮಾನಗಳಲ್ಲಿ. ಭಾಗಿಸಿದರೆ ಸೆಕೆಂಡಿಗೆ ಸುಮಾರು 0.25 ಚದರ ಮಿಲಿಮೀಟರ್. ದಪ್ಪದ ವರ್ಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬಿಸಿ ಆಚೆ ಬದಿಗೆ ತಲುಪಲು ಬೇಕಾದ ಅಂದಾಜು ಕಾಲ ಬರುತ್ತದೆ. 1 ಮಿ.ಮೀ. ದಪ್ಪಕ್ಕೆ 4 ಸೆಕೆಂಡು. 2 ಮಿ.ಮೀ. ದಪ್ಪಕ್ಕೆ 16 ಸೆಕೆಂಡು. 3 ಮಿ.ಮೀ. ದಪ್ಪಕ್ಕೆ 36 ಸೆಕೆಂಡು. ದಪ್ಪ ಮೂರು ಪಟ್ಟಾದರೆ ಕಾಲ ಒಂಬತ್ತು ಪಟ್ಟಾಗುವುದನ್ನು ಗಮನಿಸಿ.

ಚಾಕುವನ್ನು ಒಂದೆಡೆ ಒಂದು ಸೆಕೆಂಡಿನಷ್ಟು ಹೊತ್ತು ಸವರಿದರೆ ಬಿಸಿ ಇಳಿಯುವ ಆಳ ಅರ್ಧ ಮಿಲಿಮೀಟರು ಅಷ್ಟೆ. ಮೇಲಿಟ್ಟ ಚೂರು ಕರಗಿ ಹರಡುತ್ತದೆ. ಕೆಳಗಿರುವ ಕೊಡದ ಗೋಡೆ ತಣ್ಣಗೇ ಇರುತ್ತದೆ. ನೋಡಲು ಬೆಸುಗೆ, ನಿಜದಲ್ಲಿ ಲೇಪ. ಇದಕ್ಕೆ ಪರಿಹಾರವೆಂದು ಚಾಕುವನ್ನು ಇನ್ನೂ ಕೆಂಪಗೆ ಕಾಯಿಸುತ್ತಾರೆ. ಆಗ ಇನ್ನೊಂದು ಅನಾಹುತ. ಹೆಚ್ಚು ಸಾಂದ್ರತೆಯ ಪಾಲಿಥೀನ್ ಕರಗುವುದು ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಕೆಂಪಗೆ ಕಾದ ಕಬ್ಬಿಣದ ಉಷ್ಣತೆ 500 ಡಿಗ್ರಿಗೂ ಹೆಚ್ಚು. ಆ ಬಿಸಿಗೆ ಮೇಲ್ಪದರದ ಉದ್ದ ಸರಪಳಿಗಳು ತುಂಡಾಗುತ್ತವೆ, ಹೊಗೆ ಏಳುತ್ತದೆ, ಕಪ್ಪು ಕಟ್ಟುತ್ತದೆ. ಅಂದರೆ ಮೇಲೆ ಸುಟ್ಟು, ಕೆಳಗೆ ಹಸಿಯಾಗಿ ಉಳಿದ ರೊಟ್ಟಿಯ ಹಾಗೆ. ಬೇಕಾದದ್ದು ಹೆಚ್ಚು ಬಿಸಿಯಲ್ಲ, ಹದವಾದ ಬಿಸಿ ಹೆಚ್ಚು ಹೊತ್ತು.

ಇದು ನಮ್ಮ ಊರಿಗೆ ಹೊಸ ವಿಷಯವೇನಲ್ಲ. ನಾಗಮಂಗಲ ಹಿತ್ತಾಳೆ, ಕಂಚಿನ ಕೆಲಸಕ್ಕೆ ಹಿಂದಿನಿಂದಲೂ ಹೆಸರಾದ ಊರು. ಪಾತ್ರೆಗೆ ಕಲಾಯಿ ಹಾಕುವವರನ್ನು ನೋಡಿದವರು ನೆನಪಿಸಿಕೊಳ್ಳಿ. ಮೊದಲು ಪಾತ್ರೆಯನ್ನು ಉಜ್ಜಿ ಬೆಳಗುತ್ತಿದ್ದರು. ಆಮೇಲೆ ಇದ್ದಿಲಿನ ಮೇಲೆ ಪಾತ್ರೆಯನ್ನೇ ಕಾಯಿಸುತ್ತಿದ್ದರು. ನವಸಾಗರದ ಪುಡಿ ಎರಚಿ ಲೋಹದ ಮೇಲಿನ ಆಕ್ಸೈಡನ್ನು ತೆಗೆಯುತ್ತಿದ್ದರು. ಕೊನೆಗೆ ತವರದ ಕಡ್ಡಿಯನ್ನು ಮುಟ್ಟಿಸಿದರೆ ಅದು ಪಾತ್ರೆಯ ಬಿಸಿಗೇ ಕರಗಿ ಹರಿಯುತ್ತಿತ್ತು. ತವರವನ್ನು ಬೇರೆಯಾಗಿ ಕರಗಿಸಿ ತಣ್ಣನೆಯ ಪಾತ್ರೆಗೆ ಸುರಿದವರನ್ನು ನಾನು ಕಂಡಿಲ್ಲ. ಶುಚಿ ಮಾಡು, ಪಾತ್ರೆಯನ್ನು ಕಾಯಿಸು, ಆಮೇಲೆ ಸೇರಿಸು ಎಂಬ ಈ ಮೂರು ಮಾತು ಪ್ಲಾಸ್ಟಿಕ್ ಕೊಡ ಬಂದಾಗ ಕೈಬಿಟ್ಟುಹೋದವು. ಹಿತ್ತಾಳೆಯಲ್ಲಿ ಉಷ್ಣ ಪಾಲಿಥೀನಿಗಿಂತ ನೂರು ಪಟ್ಟಿಗೂ ಬೇಗ ಹರಡುತ್ತದೆ. ತಾಳ್ಮೆ ಅಲ್ಲಿಗಿಂತ ಇಲ್ಲಿ ಹೆಚ್ಚು ಬೇಕು.

ಹಿಮದ ಮೇಲೂ ಇದೇ ತಪ್ಪು

ಈ ತಪ್ಪು ನಮ್ಮ ಹಳ್ಳಿಗಳದ್ದು ಮಾತ್ರ ಎಂದು ತಿಳಿಯಬೇಡಿ. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿಯಂಥ ಕಡೆ ಹಿಮದ ಮೇಲೆ ಸ್ಕೀ ಆಡುತ್ತಾರೆ. ಆ ಉದ್ದನೆಯ ಹಲಗೆಗಳ ತಳಕ್ಕೆ ಹೊದಿಸುವುದು ಕೂಡ ಪಾಲಿಥೀನನ್ನೇ. ನೀರು ಅದನ್ನು ತೋಯಿಸುವುದಿಲ್ಲ, ಆದ್ದರಿಂದ ಹಲಗೆ ಸಲೀಸಾಗಿ ಜಾರುತ್ತದೆ. ನಮ್ಮ ಕೊಡಕ್ಕೆ ಅಂಟು ಹಿಡಿಯದಂತೆ ಮಾಡಿದ ಗುಣವೇ ಅಲ್ಲಿ ಉಪಕಾರಿ. ಹಿಮದ ಅಡಿಯಲ್ಲಿ ಅಡಗಿದ ಕಲ್ಲು ತಾಗಿ ಈ ತಳ ಗೀಚಿಹೋಗುವುದು ಸಾಮಾನ್ಯ. ಅದನ್ನೂ ಆಟಗಾರರು ಮನೆಯಲ್ಲೇ ರಿಪೇರಿ ಮಾಡುತ್ತಾರೆ. ಪಾಲಿಥೀನಿನ ಒಂದು ಕಡ್ಡಿಗೆ ಬೆಂಕಿ ಹಚ್ಚಿ, ಉರಿಯುತ್ತಿರುವ ಹನಿಗಳನ್ನು ಗೀಚಿನೊಳಕ್ಕೆ ಬೀಳಿಸಿ, ತಣಿದ ಮೇಲೆ ಉಬ್ಬಿದ ಭಾಗವನ್ನು ಹೆರೆದು ಸಮ ಮಾಡುವುದು ಪ್ರಚಲಿತ ವಿಧಾನ.

ನಮ್ಮ ಅಳತೆಗೋಲನ್ನು ಇದಕ್ಕೂ ಹಿಡಿಯೋಣ. ಉರಿಯುವ ಕಡ್ಡಿಯಿಂದ ಮಸಿ ಬೀಳುತ್ತದೆ. ಮಸಿ ಸೇರಿದ ಹನಿ ಗಡಿಯಲ್ಲಿ ಹೊಲಸಿನ ಪದರದಂತೆ ಕೆಲಸ ಮಾಡುತ್ತದೆ. ಬಿಸಿ ಹನಿ ಬೀಳುವುದು ತಣ್ಣನೆಯ ತಳದ ಮೇಲೆ, ಆದ್ದರಿಂದ ಕರಗಿರುವುದು ಒಂದೇ ಬದಿ. ಮೂರನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಒಳ್ಳೆಯ ದರ್ಜೆಯ ಸ್ಕೀ ತಳದ ಪಾಲಿಥೀನಿನ ಅಣುಭಾರ ಹತ್ತಾರು ಲಕ್ಷ. ಕರಗಿದ ಪಾಲಿಮರಿನ ಸ್ನಿಗ್ಧತೆ ಅಣುಭಾರದ ಸುಮಾರು 3.4ನೆಯ ಘಾತದಂತೆ ಏರುತ್ತದೆ. ಅಣುಭಾರ ಹತ್ತು ಪಟ್ಟಾದರೆ ಸ್ನಿಗ್ಧತೆ ಸುಮಾರು 2500 ಪಟ್ಟು! ಇಂಥದ್ದು ಕಾಯಿಸಿದರೂ ಹರಿಯುವುದಿಲ್ಲ. ಅದಕ್ಕೆಂದೇ ಆ ತಳವನ್ನು ಎರಕ ಹೊಯ್ಯದೆ, ಪುಡಿಯನ್ನು ಒತ್ತಿ ಕಾಯಿಸಿ ತಯಾರಿಸುತ್ತಾರೆ. ಹನಿಯುವ ಕಡ್ಡಿಯ ಪಾಲಿಥೀನಿಗೆ ಅಣುಭಾರ ಕಡಿಮೆ ಇರಲೇಬೇಕು, ಇಲ್ಲದಿದ್ದರೆ ಅದು ಹನಿಯುವುದೇ ಇಲ್ಲ. ಹೀಗಾಗಿ ಹೆಸರು ಒಂದೇ ಆದರೂ ಸರಪಳಿಗಳ ಉದ್ದ ಬೇರೆ. ಬೆಸುಗೆ ಮೂಲದಷ್ಟು ಗಟ್ಟಿಯಾಗದು.

ಆದರೂ ಅವರಿಂದ ನಾವು ಕಲಿಯಬೇಕಾದದ್ದು ಒಂದಿದೆ. ಅವರು ಗೀಚನ್ನು ಮಟ್ಟಕ್ಕಿಂತ ಮೇಲಕ್ಕೆ ತುಂಬುತ್ತಾರೆ. ಪಾಲಿಥೀನಿನ ಸಾಂದ್ರತೆ ಗಟ್ಟಿಯಾಗಿರುವಾಗ ಘನ ಸೆಂಟಿಮೀಟರಿಗೆ ಸುಮಾರು 0.95 ಗ್ರಾಂ, ಕರಗಿದಾಗ ಸುಮಾರು 0.78. ಅಂದರೆ ತಣಿದು ಹೆಪ್ಪುಗಟ್ಟುವಾಗ ಗಾತ್ರ ಸರಿಸುಮಾರು ಆರನೆಯ ಒಂದು ಭಾಗಕ್ಕೂ ಹೆಚ್ಚು ಕುಗ್ಗುತ್ತದೆ. ಮಟ್ಟಸವಾಗಿ ತುಂಬಿದರೆ ತಣಿದ ಮೇಲೆ ಗುಣಿ ಬೀಳುತ್ತದೆ. ಬದಿಗಳು ಕರಗಿರದಿದ್ದರೆ ಕುಗ್ಗುವ ತುಂಬುಗೆ ಅವುಗಳಿಂದ ಕಿತ್ತುಕೊಂಡು ಕೂದಲೆಳೆಯ ಸಂದು ಬಿಡುತ್ತದೆ. ನಮ್ಮ ಬೆಸೆದ ಕೊಡ ಮೊದಲ ದಿನವೇ ತೊಟ್ಟಿಕ್ಕುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಟ್ಯಾಂಕಿನ ಸೀಳು ಏಕೆ ಓಡುತ್ತದೆ?

ಕೊಡಕ್ಕಿಂತ ಗಂಭೀರವಾದದ್ದು ಟ್ಯಾಂಕಿನ ಸೀಳು. ಅರ್ಧ ಮೀಟರ್ ತ್ರಿಜ್ಯದ, 5 ಮಿ.ಮೀ. ದಪ್ಪದ ಗೋಡೆಯ ಟ್ಯಾಂಕಿನಲ್ಲಿ ಒಂದು ಮೀಟರ್ ನೀರು ನಿಂತಿದೆ ಎನ್ನೋಣ. ತಳದ ಬಳಿ ನೀರಿನ ಒತ್ತಡ ಸುಮಾರು 9800 ಪ್ಯಾಸ್ಕಲ್. ಗೋಡೆಯನ್ನು ಸುತ್ತಳತೆಯ ಗುಂಟ ಎಳೆಯುವ ಪೀಡನ ಎಂದರೆ ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧವನ್ನು ದಪ್ಪದಿಂದ ಭಾಗಿಸಿದಷ್ಟು, ಅಂದರೆ ಸುಮಾರು 1 ಮೆಗಾಪ್ಯಾಸ್ಕಲ್. ಪಾಲಿಥೀನ್ ಸುಮಾರು 20 ಮೆಗಾಪ್ಯಾಸ್ಕಲ್‌ವರೆಗೆ ತಡೆಯಬಲ್ಲದು. ಹಾಗಾದರೆ ಹೆದರಿಕೆ ಏಕೆ?

ಹೆದರಿಕೆ ಇರುವುದು ಸೀಳಿನ ತುದಿಯಲ್ಲಿ. ಹಡಗಿನ ತಗಡುಗಳಲ್ಲಿನ ಬಿರುಕನ್ನು ಕುರಿತು ಯೋಚಿಸಿದ ಇಂಗ್ಲೆಂಡಿನ ಎಂಜಿನಿಯರ್ ಇಂಗ್ಲಿಸ್ 1913ರಲ್ಲಿ ಒಂದು ಸೂತ್ರ ಕೊಟ್ಟರು. ಸೀಳಿನ ಅರ್ಧ ಉದ್ದವನ್ನು ತುದಿಯ ತ್ರಿಜ್ಯದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ, ಒಂದನ್ನು ಕೂಡಿದರೆ ತುದಿಯಲ್ಲಿ ಪೀಡನ ಎಷ್ಟು ಪಟ್ಟು ಹೆಚ್ಚುತ್ತದೆಂದು ತಿಳಿಯುತ್ತದೆ. 2 ಸೆಂ.ಮೀ. ಉದ್ದದ ಸೀಳು, ತುದಿಯ ತ್ರಿಜ್ಯ 0.1 ಮಿ.ಮೀ. ಎಂದಿಟ್ಟುಕೊಂಡರೆ 21 ಪಟ್ಟು. ಒಂದು ಮೆಗಾಪ್ಯಾಸ್ಕಲ್ ಇದ್ದದ್ದು ತುದಿಯಲ್ಲಿ 21 ಆಯಿತು. ತಡೆಯುವ ಮಿತಿಯನ್ನು ಅದು ಮುಟ್ಟಿಬಿಟ್ಟಿತು. ಸೀಳು ಉದ್ದವಾದಂತೆ ಈ ಸಂಖ್ಯೆ ಇನ್ನೂ ಏರುತ್ತದೆ. ಅದಕ್ಕೇ ಟ್ಯಾಂಕಿನ ಲಂಬವಾದ ಸೀಳು ದಿನದಿನಕ್ಕೆ ಮೇಲಕ್ಕೂ ಕೆಳಕ್ಕೂ ಓಡುತ್ತದೆ.

ಈಗ ಸೀಳಿನ ಎರಡು ತುದಿಗಳಲ್ಲಿ 4 ಮಿ.ಮೀ. ವ್ಯಾಸದ ದುಂಡನೆಯ ರಂಧ್ರ ಕೊರೆಯಿರಿ. ತುದಿಯ ತ್ರಿಜ್ಯ 2 ಮಿ.ಮೀ. ಆಯಿತು. ಅದೇ ಸೂತ್ರದಂತೆ ಹೆಚ್ಚಳ ಸುಮಾರು ಐದೂವರೆ ಪಟ್ಟಿಗೆ ಇಳಿಯುತ್ತದೆ. ಇದ್ದ ಸೀಳಿಗೆ ಇನ್ನೆರಡು ತೂತು ಕೊರೆದು ಅದನ್ನು ಬಲಪಡಿಸುವುದು ಮೊದಲಿಗೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಲೆಕ್ಕ ಸ್ಪಷ್ಟವಾಗಿದೆ. ನಾನು ನೋಡಿದ ಮನೆ ರಿಪೇರಿಗಳಲ್ಲಿ ಈ ರಂಧ್ರ ಕೊರೆದದ್ದನ್ನು ಕಂಡಿಲ್ಲ. ಸೀಳಿನ ನಡುವೆ ಎಷ್ಟೇ ಮೆತ್ತಿದರೂ ಕಣ್ಣಿಗೆ ಕಾಣದ ತುದಿ ತೇಪೆಯ ಆಚೆಗೆ ಉಳಿದುಬಿಡುತ್ತದೆ.

ಸರಿಯಾದ ಬೆಸುಗೆಯ ಕ್ರಮ

ಕೊಳವೆಬಾವಿಗೆ ಇಳಿಸುವ ಕಪ್ಪು ಪಾಲಿಥೀನ್ ಪೈಪುಗಳನ್ನು ಜೋಡಿಸುವವರನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ನೋಡಿದ್ದಾರೆ. ಅವರು ಪೈಪುಗಳ ಬಾಯಿಯನ್ನು ಹೆರೆದು ಹೊಸ ಮೈ ಬರಿಸುತ್ತಾರೆ. ಸುಮಾರು 200ರಿಂದ 220 ಡಿಗ್ರಿ ಬಿಸಿಯ ತಟ್ಟೆಗೆ ಎರಡೂ ಬಾಯಿಗಳನ್ನು ಒತ್ತಿ, ಅಂಚಿನಲ್ಲಿ ಕರಗಿದ ಉಬ್ಬು ಬರುವವರೆಗೆ ಕಾಯುತ್ತಾರೆ. ಆಮೇಲೆ ತಟ್ಟೆ ತೆಗೆದು, ಬಾಯಿಗೆ ಬಾಯಿ ಒತ್ತಿ, ತಣಿಯುವವರೆಗೂ ಅಲುಗಿಸದೆ ಹಿಡಿಯುತ್ತಾರೆ. ಕ್ರಮಬದ್ಧವಾಗಿ ಮಾಡಿದರೆ ಇಂಥ ಜೋಡಣೆ ಪೈಪಿನಷ್ಟೇ ಗಟ್ಟಿ. ಮನೆಯ ರಿಪೇರಿಗೂ ಇದೇ ಮಾದರಿ.

ಮೊದಲು ಜಾತಿ ಗುರುತಿಸಿ. ವಸ್ತುವಿನ ತಳದಲ್ಲಿ ತ್ರಿಕೋನದೊಳಗೆ 2 ಅಥವಾ 4 ಇದ್ದರೆ ಪಾಲಿಥೀನ್, 5 ಇದ್ದರೆ ಪಾಲಿಪ್ರೊಪಿಲೀನ್, 3 ಇದ್ದರೆ ಪಿವಿಸಿ. ಎಷ್ಟೋ ಕೊಡಗಳ ತಳದಲ್ಲಿ ಈ ಗುರುತೇ ಇರುವುದಿಲ್ಲ. ಇದು ತಯಾರಕರ ಲೋಪವೆಂದೇ ಹೇಳಬೇಕು. ಗುರುತಿಲ್ಲದಿದ್ದರೆ ಚೂರನ್ನು ನೀರಿಗೆ ಹಾಕಿ. ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ, ಪಿವಿಸಿ ಮುಳುಗುತ್ತದೆ. ಮುಳುಗುವುದನ್ನು ಕಾಯಿಸಲೇಬೇಡಿ. ಬಿಸಿಯಾದ ಪಿವಿಸಿ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತದೆ. ತೇಲುವ ಎರಡು ಜಾತಿಗಳೂ ಒಂದಕ್ಕೊಂದು ಬೆರೆಯುವುದಿಲ್ಲ. ಮುರಿದ ಕುರ್ಚಿಯ ಪಾಲಿಪ್ರೊಪಿಲೀನ್ ಚೂರು ಪಾಲಿಥೀನ್ ಕೊಡಕ್ಕೆ ಹಿಡಿಯದು. ತೇಪೆಯ ಚೂರನ್ನು ಮೊದಲು ಒಂದು ಒಡಕಲು ತುಂಡಿನ ಮೇಲೆ ಬೆಸೆದು, ತಣಿದ ಮೇಲೆ ಚಾಕುವಿನಿಂದ ಎಬ್ಬಿಸಿ ನೋಡಿ. ಸಲೀಸಾಗಿ ಎದ್ದು ಬಂದರೆ ಜಾತಿ ಬೇರೆ.

ನಂತರ ಸೀಳಿನ ತುದಿಗಳಲ್ಲಿ ರಂಧ್ರ ಕೊರೆಯಿರಿ. ಸೀಳಿನ ಉದ್ದಕ್ಕೂ ಇಳಿಜಾರು ಬದಿಗಳ ಕಾಲುವೆಯಂತೆ ಹೆರೆಯಿರಿ. ಬಿಸಿಲಿಗೆ ಮಾಸಿದ ಹೊರಪದರವನ್ನೂ ಹೆರೆದು ತೆಗೆಯಿರಿ. ಅತಿನೇರಳೆ ಕಿರಣಗಳಿಂದ ಅಲ್ಲಿಯ ಸರಪಳಿಗಳು ತುಂಡಾಗಿರುತ್ತವೆ. ತುಂಡು ಸರಪಳಿ ಸಿಕ್ಕಿಕೊಳ್ಳಲಾರದೆಂದು ಮೇಣದ ಬತ್ತಿಯಿಂದಲೇ ಕಲಿತೆವಲ್ಲವೇ? ಈಗ ಕೆಂಪು ಚಾಕುವಿನ ಬದಲು ವಿದ್ಯುತ್ ಬೆಸುಗೆ ಕಡ್ಡಿಯ ಅಗಲವಾದ ತುದಿಯನ್ನು ಬಳಸಿ. ಹೊಗೆ ಎದ್ದರೆ ಬಿಸಿ ಹೆಚ್ಚಾಯಿತೆಂದು ತಿಳಿದು ತಡೆಯಿರಿ. ಕಾಲುವೆಯ ಬದಿಗಳು ಮಿರುಗುವಂತೆ ಕರಗುವವರೆಗೆ ಕಾಯಿರಿ. ಆಮೇಲೆ ಅದೇ ಜಾತಿಯ ಕಡ್ಡಿಯನ್ನು ಕರಗಿಸಿ ಮಟ್ಟಕ್ಕಿಂತ ಮೇಲಕ್ಕೆ ತುಂಬಿ, ಒತ್ತಿ ಹಿಡಿಯಿರಿ. ತಾನಾಗಿ ತಣಿಯಲಿ. ನೀರು ಎರಚಿ ತಣಿಸಬೇಡಿ. ಕೆಲಸ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಡೆಯಲಿ.

ಎರಡು ಎಚ್ಚರಿಕೆಗಳು. ತೇಪೆಗೆ ಕೀಟನಾಶಕದ ಡಬ್ಬಿಯ ಚೂರನ್ನು ಎಂದಿಗೂ ಬಳಸಬೇಡಿ. ಪಾಲಿಥೀನ್ ಇಂಥ ರಾಸಾಯನಿಕಗಳನ್ನು ತನ್ನೊಳಕ್ಕೆ ಹೀರಿಕೊಳ್ಳುತ್ತದೆ. ತೊಳೆದರೆ ಹೋಗುವುದಿಲ್ಲ, ನಿಧಾನವಾಗಿ ಕುಡಿಯುವ ನೀರಿಗೆ ಇಳಿಯುತ್ತದೆ. ಎರಡನೆಯದು, ಬೆರಳಿನಿಂದ ಉಜ್ಜಿದರೆ ಪುಡಿ ಬರುವಷ್ಟು ಬಿಸಿಲಿಗೆ ಹಳತಾದ ಟ್ಯಾಂಕಿಗೆ ಬೆಸುಗೆ ಹಾಕಿ ಮನೆಯ ಮೇಲೆ ಇಡಬೇಡಿ. ಒಂದು ಸೀಳು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ಸಾವಿರ ಲೀಟರ್ ನೀರು ಎಂದರೆ ಒಂದು ಟನ್ ಭಾರ. ಅದರ ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಹೊಸ ಟ್ಯಾಂಕು ಕೊಳ್ಳುವಾಗ ಭಾರತೀಯ ಮಾನಕ ಐಎಸ್ 12701ರ ಗುರುತು ಇದೆಯೇ ನೋಡಿ.

ನಮ್ಮ ತರಗತಿಯ ಪಾಲು

ಆರಂಭದಲ್ಲಿ ಹೇಳಿದ ಮಾತಿಗೆ ಮರಳುತ್ತೇನೆ. ಪ್ಲಾಸ್ಟಿಕ್ಕಿನ ಪಾಠದಲ್ಲಿ ನಾವು ಏನು ಕಲಿಸುತ್ತೇವೆ? ಕೆಲವು ಪ್ಲಾಸ್ಟಿಕ್‌ಗಳು ಕಾಯಿಸಿದರೆ ಮೃದುವಾಗುತ್ತವೆ, ತಣಿಸಿದರೆ ಗಟ್ಟಿಯಾಗುತ್ತವೆ, ಇದನ್ನು ಮತ್ತೆ ಮತ್ತೆ ಮಾಡಬಹುದು ಎನ್ನುತ್ತೇವೆ. ಎರಡು ಉದಾಹರಣೆ ಬರೆಸಿ ಮುಂದೆ ಹೋಗುತ್ತೇವೆ. ನಾನೂ ಹೀಗೆಯೇ ಮಾಡಿದ್ದೇನೆ. ಈ ಮಾತು ತಪ್ಪಲ್ಲ, ಅರೆಬರೆ. ಕರಗುವುದನ್ನು ಹೇಳುತ್ತದೆ, ಕೂಡುವುದನ್ನು ಹೇಳುವುದಿಲ್ಲ. ಕಾಯಿಸಲು ಕಾಲ ಬೇಕೆಂಬುದನ್ನಾಗಲಿ, ಎರಡು ಬದಿ ಬೇಕೆಂಬುದನ್ನಾಗಲಿ ಹೇಳುವುದಿಲ್ಲ. ಮೇಲ್ಮೈ ಎಳೆತದ ಪಾಠದಲ್ಲಿ ಗಾಜಿನ ಕೊಳವೆ, ಪಾದರಸ ಇರುತ್ತವೆ. ಉಷ್ಣವಾಹಕತೆಯ ಪಾಠದಲ್ಲಿ ತಾಮ್ರದ ಸರಳು ಇರುತ್ತದೆ. ಮಗು ಬೆಳಿಗ್ಗೆ ಹೊತ್ತು ತಂದ ಕೊಡ ಯಾವ ಪಾಠದಲ್ಲೂ ಇಲ್ಲ. ಆ ಕೊಡ ಒಡೆದಾಗ ಪಾಠ ನೆನಪಾಗದಿದ್ದರೆ ತಪ್ಪು ಮಗುವಿನದಲ್ಲ.

ಶಿಕ್ಷಕರಿಗೆ ಒಂದು ಪ್ರಯೋಗ ಸೂಚಿಸುತ್ತೇನೆ. ಒಡೆದ ಪಾಲಿಥೀನ್ ಕೊಡವೊಂದರಿಂದ 5 ಮಿ.ಮೀ. ಅಗಲ, ಸುಮಾರು 1 ಮಿ.ಮೀ. ದಪ್ಪದ ಪಟ್ಟಿಗಳನ್ನು ಕತ್ತರಿಸಿ. ಒಂದನ್ನು ಹಾಗೆಯೇ ಇಡಿ. ಉಳಿದವನ್ನು ನಡುವೆ ತುಂಡರಿಸಿ, ಒಂದನ್ನು ಅಂಟಿನಿಂದ, ಒಂದನ್ನು ಮೇಣದಿಂದ, ಒಂದನ್ನು ಬಿಸಿ ಕಡ್ಡಿಯಿಂದ ಒಂದೇ ಸೆಕೆಂಡು ಸವರಿ, ಇನ್ನೊಂದನ್ನು ಎರಡೂ ಬದಿ ಕರಗಿಸಿ ಒತ್ತಿ ಜೋಡಿಸಿ. ಬಿಸಿ ಕಡ್ಡಿ ನಿಮ್ಮ ಕೈಯಲ್ಲೇ ಇರಲಿ. ಪ್ರತಿಯೊಂದಕ್ಕೂ ನೆಲದಿಂದ ಒಂದು ಗೇಣು ಎತ್ತರದಲ್ಲಿ ಬಕೆಟ್ ತೂಗುಹಾಕಿ ಲೀಟರ್ ಲೀಟರಾಗಿ ನೀರು ಹಾಕಿ. ಒಂದು ಲೀಟರ್ ಎಂದರೆ ಒಂದು ಕಿಲೋಗ್ರಾಂ. ಬಕೆಟ್ಟಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. 20 ಮೆಗಾಪ್ಯಾಸ್ಕಲ್ ಲೆಕ್ಕದಲ್ಲಿ ಅಖಂಡ ಪಟ್ಟಿ ಸುಮಾರು 10 ಕಿಲೋಗ್ರಾಂ ಹೊರಬೇಕು. ಬೆಸೆದ ಪಟ್ಟಿ ಹೊತ್ತ ಭಾರವನ್ನು ಅಖಂಡ ಪಟ್ಟಿ ಹೊತ್ತ ಭಾರದಿಂದ ಭಾಗಿಸಿದರೆ ಬೆಸುಗೆಯ ದಕ್ಷತೆ ಸಿಗುತ್ತದೆ. ಅದನ್ನು ಮಕ್ಕಳೇ ಲೆಕ್ಕ ಹಾಕಿ ಕೋಷ್ಟಕ ಮಾಡಲಿ. ಎಲ್ಲಿ ಹರಿಯಿತು, ಬೆಸುಗೆಯಲ್ಲೋ ಪಕ್ಕದಲ್ಲೋ ಎಂಬುದನ್ನೂ ಬರೆದಿಡಲಿ. ಪಕ್ಕದಲ್ಲಿ ಹರಿದರೆ ಬೆಸುಗೆ ಗೆದ್ದಿತೆಂದು ಅರ್ಥ.

ಪ್ಲಾಸ್ಟಿಕ್ ಬೇಡ ಎಂದು ಭಾಷಣ ಮಾಡುವುದು ಸುಲಭ. ಮನೆಯಲ್ಲಿರುವ ಪ್ಲಾಸ್ಟಿಕ್ ಇನ್ನೂ ಐದು ವರ್ಷ ಬಾಳುವಂತೆ ಮಾಡುವುದು ಅದಕ್ಕಿಂತ ಕಷ್ಟದ, ಅದಕ್ಕಿಂತ ಉಪಯೋಗದ ಕೆಲಸ. ಅವ್ವನ ಕೊಡವನ್ನು ಆಮೇಲೆ ಎರಡೂ ಬದಿ ಕರಗಿಸಿ ಬೆಸೆದೆ. ಅವಳು ಮತ್ತೆ ಉಗುರಿನಿಂದ ಎತ್ತಿ ನೋಡಿದಳು, ಏಳಲಿಲ್ಲ. ಏನೂ ಹೇಳದೆ ಕೊಡ ಎತ್ತಿಕೊಂಡು ನಲ್ಲಿಯ ಕಡೆಗೆ ಹೋದಳು. ನಿಮ್ಮ ಮನೆಯ ಬೆಸೆದ ಕೊಡವನ್ನೂ ಒಮ್ಮೆ ಹೀಗೆಯೇ ಪರೀಕ್ಷಿಸಿ.